ಪೆಟ್ಟಿಗೆಯ ಕೆಳಗಿನ ವಿದ್ವಾಂಸ

ನಾನು ನಾಲ್ಕು ವರ್ಷ ಹಾರ್ಮೋನಿಯಂ ಅಭ್ಯಾಸ ಮಾಡಿದವನು. ಈ ವಿಷಯವನ್ನು ನನ್ನ ಹೆಂಡತಿಗೆ ಮದುವೆಗೆ ಮುಂಚೆಯೇ, ಮೊದಲ ಸಲ ಮಾತಾಡಿದ ದಿನವೇ ಹೇಳಿದ್ದೆ. ಅದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಎಲ್ಲಿ ಕೂತು ಅಭ್ಯಾಸ ಮಾಡಿದೆ ಎಂಬುದೊಂದನ್ನು ಮಾತ್ರ ಹೇಳಿರಲಿಲ್ಲ. ಅವಳು ಕೇಳಿರಲಿಲ್ಲ. (ಕೇಳದ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ನಮ್ಮ ಕಚೇರಿಯಲ್ಲೂ ಇಲ್ಲ.)

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನಾನು ಕೂತದ್ದು ಹಾರ್ಮೋನಿಯಂ ಕೆಳಗೆ.

ಅದು ಮೇಜಿನೆತ್ತರದ ಕಾಲು ಹಾರ್ಮೋನಿಯಂ. ನುಡಿಸುವವರು ಸ್ಟೂಲಿನ ಮೇಲೆ ಕೂತು, ಕಾಲಿನಿಂದ ಎರಡು ಪೆಡಲ್ ತುಳಿದು ಗಾಳಿ ಹಾಕುತ್ತಾ, ಕೈಯಲ್ಲಿ ನುಡಿಸಬೇಕು. ನಮ್ಮ ಅಕ್ಕ ಅದನ್ನು ಕಲಿಯಲು ಹೋದಾಗ ಅವಳಿಗೆ ಎಂಟು ವರ್ಷ. ಬೆರಳು ಮನೆಗಳನ್ನು ಮುಟ್ಟುತ್ತಿದ್ದವು (ಹಾರ್ಮೋನಿಯಂನಲ್ಲಿ ಕರಿ ಬಿಳಿ ಪಟ್ಟಿಗಳಿಗೆ 'ಮನೆ' ಎಂದೇ ಹೆಸರು), ಕಾಲು ಪೆಡಲನ್ನು ಮುಟ್ಟುತ್ತಿರಲಿಲ್ಲ. ಐದು ವರ್ಷದ ನಾನು ಪೆಟ್ಟಿಗೆಯ ಅಡಿಗೆ ತೂರಿ, ಚಕ್ಕಳಮಕ್ಕಳ ಹಾಕಿ ಕೂತು, ಎರಡು ಕೈಯಲ್ಲೂ ಒಂದೊಂದು ಪೆಡಲ್ ಒತ್ತುತ್ತಿದ್ದೆ. ಗಾಳಿ ನನ್ನದು, ಬೆರಳು ಅವಳದು. ಗಾಳಿ ಸ್ವಲ್ಪ ಕಮ್ಮಿಯಾದರೆ ಮೇಲಿನಿಂದ ಅವಳ ಹಿಮ್ಮಡಿ ಬಂದು ನನ್ನ ನೆತ್ತಿಗೆ ಠಪ್ಪೆಂದು ತಾಗುತ್ತಿತ್ತು. ಇವತ್ತು ನನ್ನ ತಲೆ ಬೋಳಾಗಲು ಶುರುವಾಗಿರುವುದು ಸರಿಯಾಗಿ ಆ ಜಾಗದಿಂದಲೇ.

ನಮ್ಮ ಗುರುಗಳು ಹಗಲಲ್ಲಿ ದರ್ಜಿ, ಸಂಜೆ ಹಾರ್ಮೋನಿಯಂ ಮೇಷ್ಟ್ರು. ಎರಡಕ್ಕೂ ಒಂದೇ ಕೋಣೆ. ಒಂದು ಗೋಡೆಗೆ ಹೊಲಿಗೆ ಯಂತ್ರ, ಇನ್ನೊಂದು ಗೋಡೆಗೆ ಹಾರ್ಮೋನಿಯಂ. ಸಂಜೆಯಾದರೂ ಹೊಲಿಗೆ ಮುಗಿಯುತ್ತಿರಲಿಲ್ಲವಾದ್ದರಿಂದ ಯಂತ್ರ ತುಳಿಯುತ್ತಲೇ ಪಾಠ ಹೇಳುತ್ತಿದ್ದರು. ಹೇಳುತ್ತಿದ್ದರು ಎಂದೆನೇ? ತಪ್ಪಾಯಿತು. ಅವರ ಬಾಯಿಯ ತುಂಬ ಗುಂಡುಸೂಜಿಗಳಿರುತ್ತಿದ್ದವು. ಸರಿಯಾಗಿ ನುಡಿಸಿದರೆ 'ಹೂಂ'. ತಪ್ಪಾದರೆ 'ಉಹೂಂ'. ಇಡೀ ಸಂಗೀತ ಶಾಸ್ತ್ರವನ್ನು ಆ ಮಹಾನುಭಾವರು ಈ ಎರಡು ಶಬ್ದಗಳಲ್ಲಿ ಅಡಗಿಸಿಟ್ಟಿದ್ದರು.

ನನಗೆ ಮಾತ್ರ ಆ ಪೆಟ್ಟಿಗೆಯ ಅಡಿಯೇ ಅರಮನೆ. ಯಂತ್ರದ ಎಣ್ಣೆಯ ವಾಸನೆ, ಗುರುತು ಹಾಕುವ ಸೀಮೆಸುಣ್ಣದ ಪುಡಿ, ಉದುರಿ ಬಂದ ಗುಂಡಿಗಳು. ನಾಲ್ಕು ವರ್ಷದಲ್ಲಿ ಒಂದು ಡಬ್ಬಿಯ ತುಂಬ ಗುಂಡಿ ಕೂಡಿಹಾಕಿದ್ದೆ. ತಲೆಯ ಮೇಲೆ ಇಡೀ ಹಾಡು ಗುಂಯ್‌ಗುಡುತ್ತಿತ್ತು. ಬೆನ್ನುಮೂಳೆಯೊಳಗೆ ಯಾರೋ ಜೇನುಗೂಡು ಕಟ್ಟಿದಂತೆ. ಅಷ್ಟು ಹತ್ತಿರದಿಂದ ಸಂಗೀತ ಕೇಳಿದವರು ಕಮ್ಮಿ.

ಬರೀ ಗಾಳಿ ಹಾಕುತ್ತಿದ್ದೆ ಎಂದು ಹಗುರವಾಗಿ ತಿಳಿಯಬೇಡಿ. ಆ ಪೆಟ್ಟಿಗೆಯ ತಿದಿ ಮುದಿಯಾಗಿ, ಗಾಳಿ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಅದಕ್ಕಿರಲಿಲ್ಲ. ನನ್ನ ಕೈ ನಿಂತರೆ ದನಿ ಒಂದು ಸಲ ನರಳಿ ಸತ್ತುಹೋಗುತ್ತಿತ್ತು. ಈ ಅಧಿಕಾರ ನನ್ನ ಕೈಯಲ್ಲಿದೆ ಎಂದು ತಿಳಿದ ಮೇಲೆ ನಾನು ಸುಮ್ಮನಿರುವವನೇ? ಅಕ್ಕ ತಪ್ಪು ನುಡಿಸಿದಳು ಅನ್ನಿಸಿದರೆ ಗಾಳಿ ಬಂದ್. ತಿದ್ದಿಕೊಂಡರೆ ಮತ್ತೆ ಸರಬರಾಜು. (ಈಗ ನಾನಿರುವುದು ನೀರು ಸರಬರಾಜು ಕಚೇರಿಯಲ್ಲಿ. ಆಗ ಗಾಳಿ, ಈಗ ನೀರು. ನಿಲ್ಲಿಸುವ ಕೆಲಸ ಮಾತ್ರ ಬದಲಾಗಿಲ್ಲ.) ಅದರಲ್ಲೂ 'ದೋಣಿ ಹಾಡು' ಬಂದರೆ ನಾನು ಇನ್ನೂ ಕಟ್ಟುನಿಟ್ಟು. ಏಕೆಂದರೆ ಆ ಹಾಡು ಮೇಷ್ಟ್ರು ಹೇಳಿಕೊಡುವ ಮೊದಲೇ ನನಗೆ ಬಾಯಿಪಾಠ. ನಮ್ಮಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಹಾಡುತ್ತಿದ್ದದ್ದು ಅದೊಂದೇ ಹಾಡು.

ಅಕ್ಕನಿಗೆ ಹನ್ನೆರಡು ತುಂಬಿತು. ಒಂದು ದಿನ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದಳು, ಪೆಡಲ್ ಎಟುಕಿತು. ಸಂಗೀತಗಾರರ ವೃತ್ತಿಜೀವನ ಬೆರಳು ಬಾಗಿ ಮುಗಿಯುತ್ತದೆ, ದನಿ ಒಡೆದು ಮುಗಿಯುತ್ತದೆ. ನನ್ನದು ಅಕ್ಕನ ಕಾಲು ಬೆಳೆದು ಮುಗಿಯಿತು.

ಇದು ಹಳೆಯ ಕಥೆ. ಮೇಷ್ಟ್ರಿಗೆ ವಯಸ್ಸಾಗಿ ಎರಡೆರಡು ಕಡೆ ತುಳಿಯಲು ಆಗದೆ ಹೋದಾಗ ಹೊಲಿಗೆ ಯಂತ್ರ ಉಳಿಸಿಕೊಂಡು ಹಾರ್ಮೋನಿಯಂ ಅಕ್ಕನಿಗೆ ಕೊಟ್ಟರು. ಅದು ಅವಳ ಮನೆಯಲ್ಲಿ ಹಾಯಾಗಿತ್ತು, ನಾನು ನನ್ನ ಮನೆಯಲ್ಲಿ ಹಾಯಾಗಿದ್ದೆ. ಈ ವರ್ಷ ಅಕ್ಕ ಚಿಕ್ಕ ಮನೆಗೆ ಹೋದಳು. ಅಲ್ಲಿ ಪೆಟ್ಟಿಗೆಗೆ ಜಾಗವಿಲ್ಲ. ಒಂದು ಬೆಳಿಗ್ಗೆ ನಾಲ್ಕು ಜನ ಹಮಾಲರು ನನ್ನ ಗತಕಾಲವನ್ನು ಹೊತ್ತುಕೊಂಡು ಬಂದು ನಮ್ಮ ನಡುಮನೆಯಲ್ಲಿ ಇಳಿಸಿ ಬೆವರು ಒರೆಸಿಕೊಂಡರು.

ಹೆಂಡತಿಯ ಮುಖ ಅರಳಿತು. "ರೀ, ಇನ್ನು ಮಕ್ಕಳನ್ನ ಹೊರಗೆ ಪಾಠಕ್ಕೆ ಕಳಿಸೋ ಮಾತೇ ಇಲ್ಲ. ಮನೇಲೇ ವಿದ್ವಾಂಸರನ್ನ ಇಟ್ಕೊಂಡು!"

"ಕಚೇರೀಲಿ ಈಗ ಬೇಸಿಗೆ ಕೆಲಸ ಕಣೇ. ಎಲ್ಲಾ ಕಡೆ ನೀರಿಗೆ ತಕರಾರು."

"ನಾಲ್ಕು ವರ್ಷ ಕಲ್ತಿದೀನಿ ಅಂತ ಹನ್ನೊಂದು ವರ್ಷದಿಂದ ಹೇಳ್ತಿದೀರಿ. ಹೇಳೋಕ್ಕಾದ್ರೆ ಪುರುಸೊತ್ತಿರುತ್ತೆ."

ನನಗೆ ಇಬ್ಬರು ಮಕ್ಕಳು. ಎಂಟು ವರ್ಷದ ಮಗಳನ್ನು ಮನೆಯಲ್ಲೆಲ್ಲ ವಕೀಲಮ್ಮ ಎನ್ನುತ್ತೇವೆ. ಹಾಲು ಕುಡಿ ಎಂದರೂ ಯಾವ ಆಧಾರದ ಮೇಲೆ ಎಂದು ಕೇಳುವವಳು. ಐದು ವರ್ಷದ ಮಗ ಅವಳು ಹೋದಲ್ಲೆಲ್ಲ ಹಿಂದೆ ಹೋಗುತ್ತಾನಾದ್ದರಿಂದ ಅವನು ಬಾಲಂಗೋಚಿ. ಮರುದಿನ ಸಂಜೆ ಇಬ್ಬರೂ ತಲೆ ಬಾಚಿಕೊಂಡು ಪೆಟ್ಟಿಗೆಯ ಮುಂದೆ ನಿಂತರು.

"ಮೊದಲನೇ ಪಾಠ, ವಾದ್ಯಕ್ಕೆ ಗೌರವ," ಎಂದು ಗಂಭೀರವಾಗಿ ಘೋಷಿಸಿ ಇಬ್ಬರ ಕೈಗೂ ಒಂದೊಂದು ಬಟ್ಟೆ ಕೊಟ್ಟೆ.

ಒಂದು ವಾರ ಗೌರವವಾಯಿತು. ಕಪ್ಪು ಮರದಲ್ಲಿ ನಮ್ಮ ಮುಖ ಕಾಣಿಸತೊಡಗಿತು.

"ಅಪ್ಪಾ, ಕಲಿಸೋದು ಯಾವಾಗ?"

"ಇದೇ ಕಲಿಸೋದು."

"ಇದು ಒರೆಸೋದು," ಎಂದಳು ವಕೀಲಮ್ಮ. "ಒರೆಸೋದು," ಎಂದ ಬಾಲಂಗೋಚಿ.

ಅಡುಗೆಮನೆಯಿಂದ ಹೆಂಡತಿ, "ರೀ, ಹಾಗೇ ಆ ಕಿಟಕಿ ಗಾಜುಗಳಿಗೂ ಸ್ವಲ್ಪ ಗೌರವ ಕೊಡಿಸಿ," ಎಂದಳು.

ಎರಡನೆಯ ವಾರ ಮೌನದ ಮಹತ್ವವನ್ನು ಬೋಧಿಸಿದೆ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂತು ಮನಸ್ಸಿನಲ್ಲೇ ಸಂಗೀತ ಕೇಳಬೇಕು. ಬಾಲಂಗೋಚಿ ನಿದ್ದೆ ಹೋದ. ನಾನೂ ಹೋದೆ. ಕಣ್ಣು ಬಿಟ್ಟರೆ ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡ ಮಗಳು.

"ಅಪ್ಪಾ, ಒಂದೇ ಒಂದು ಸಲ ನೀನು ನುಡಿಸಿ ತೋರಿಸು."

"ಗುರು ನುಡಿಸಿ ತೋರಿಸಿದ್ರೆ ಶಿಷ್ಯರು ನಕಲು ಮಾಡ್ತಾರೆ. ನಕಲು ಸಂಗೀತ ಅಲ್ಲ."

"ಹಾಗಾದ್ರೆ ನಾನೇ ನುಡಿಸ್ತೀನಿ," ಎಂದು ಸ್ಟೂಲ್ ಹತ್ತಿದಳು. ಬೆರಳು ಎಟುಕಿತು. ಕಾಲು ಗಾಳಿಯಲ್ಲಿ ತೂಗಾಡಿತು.

ಆ ತೂಗಾಡುವ ಪುಟ್ಟ ಪಾದಗಳನ್ನು ನೋಡಿದಾಗ ನನಗಾದ ಆನಂದವನ್ನು ಹೇಗೆ ವರ್ಣಿಸಲಿ! "ತಡಿ ಮಗಳೇ, ನಾನಿದೀನಿ," ಎಂದವನೇ ಕೆಳಗೆ ನುಗ್ಗಿದೆ. ಐದನೆಯ ವಯಸ್ಸಿನಲ್ಲಿ ಅರಮನೆಯಾಗಿದ್ದ ಜಾಗ ನಲವತ್ತೇಳಕ್ಕೆ ಬೋನಾಗಿತ್ತು. ಹೊಟ್ಟೆ ಒಳಗೆ ಹೋದರೆ ಕಾಲು ಹೊರಗೆ. ಲಾರಿಯ ಅಡಿಯಲ್ಲಿ ರಿಪೇರಿಗೆ ಮಲಗಿದ ಮೆಕ್ಯಾನಿಕ್ಕನಂತೆ ಹೇಗೋ ಹೊಂದಿಕೊಂಡು ಪೆಡಲುಗಳ ಮೇಲೆ ಕೈಯಿಟ್ಟೆ. ಪೆಡಲಿನ ಸಂದಿಯಲ್ಲಿ ಏನೋ ತಗುಲಿತು. ಎಳೆದರೆ, ಒಂದು ಹಳೆಯ ನೀಲಿ ಗುಂಡಿ. ನನಗೆ ತಪ್ಪಿಸಿಕೊಂಡು ನಲವತ್ತು ವರ್ಷ ಅಲ್ಲೇ ಅಡಗಿ ಕೂತಿತ್ತು. ಅದನ್ನು ಜೇಬಿಗಿಳಿಸಿ ಗಾಳಿ ಹಾಕಿದೆ. ತಲೆಯ ಮೇಲೆ ಗುಂಯ್ ಎಂದಿತು. ಕಣ್ಣು ತುಂಬಿತು. (ಧೂಳು ಎಂದು ಹೆಂಡತಿಗೆ ಹೇಳಿದೆ. ಇಡೀ ವಾರ ಗೌರವಿಸಿದ ಪೆಟ್ಟಿಗೆಯಲ್ಲಿ ಧೂಳೆಲ್ಲಿಂದ ಬರಬೇಕು?)

ಅಂದಿನಿಂದ ನನ್ನ ಬೋಧನೆಯ ಸುವರ್ಣಯುಗ. ನಾನು ಕೆಳಗಿನಿಂದ ದೋಣಿ ಹಾಡನ್ನು ಗುನುಗುತ್ತಿದ್ದೆ, ಅವಳು ಮೇಲೆ ಬೆರಳಲ್ಲಿ ಹುಡುಕುತ್ತಿದ್ದಳು. ಸರಿಯಾದ ಮನೆ ಸಿಕ್ಕರೆ ಗಾಳಿ, ತಪ್ಪಿದರೆ ಬಂದ್. ಬೈಗುಳವಿಲ್ಲ, ಬೆತ್ತವಿಲ್ಲ. ಮೂರೇ ವಾರದಲ್ಲಿ ಇಡೀ ಹಾಡು ಕಲಿತಳು. ಕೆಳಗೆ ನನ್ನ ಪಕ್ಕ ತೂರಿಕೊಂಡ ಬಾಲಂಗೋಚಿ ಒಂದು ಪೆಡಲಿಗೆ ಸಹಾಯಕ ಇಂಜಿನಿಯರ್ ಆದ. ಹೆಂಡತಿ ಬಾಗಿಲಿಗೊರಗಿ ಕೇಳುತ್ತಾ, "ನೀವು ಕಲಿಸ್ತೀರಿ ಅಂತ ನನಗೆ ನಂಬಿಕೆನೇ ಇರ್ಲಿಲ್ಲ ನೋಡಿ," ಎಂದಳು. ಹನ್ನೊಂದು ವರ್ಷದ ಸಂಸಾರದಲ್ಲಿ ನನಗೆ ಸಿಕ್ಕ ಮೊದಲ ಪದಕ ಅದು. ಅದನ್ನು ಕಳೆದುಕೊಳ್ಳಬಾರದೆಂದು ಆ ಗಳಿಗೆಯಲ್ಲೇ ತೀರ್ಮಾನಿಸಿದೆ.

ಪದಕ ಎಂಟು ದಿನ ಬಾಳಿತು. ಶಾಲೆಯ ವಾರ್ಷಿಕೋತ್ಸವದಲ್ಲಿ ವಕೀಲಮ್ಮ ಹಾರ್ಮೋನಿಯಂ ನುಡಿಸಬೇಕೆಂದು ಅಲ್ಲಿನ ಸಂಗೀತದ ಟೀಚರ್ ಆರಿಸಿದರು. ಅಭ್ಯಾಸ ಮುಗಿಸಿ ಬಂದ ಮಗಳು ಚೀಲ ಬಿಸಾಡಿ ವಾದ ಆರಂಭಿಸಿದಳು.

"ಅಪ್ಪಾ, ಮೂರನೇ ಸಾಲು ತಪ್ಪಂತೆ. 'ದೋಣಿ ದಡಕ್ಕೆ ಬಂತು' ಅನ್ನೋವಾಗ, ದಡದ ಹತ್ರ ಸ್ವರ ಮೇಲಕ್ಕೆ ಹೋಗ್ಬೇಕಂತೆ. ನಾನು ಕೆಳಗಿಳಿಸ್ತೀನಂತೆ."

"ಯಾರು ಹೇಳಿದ್ದು?"

"ಟೀಚರ್. ಪುಸ್ತಕದಲ್ಲೂ ಹಾಗೇ ಇದೆ."

"ಪುಸ್ತಕ ಅಚ್ಚು ಹಾಕೋರಿಗೆ ಸಂಗೀತ ಬರುತ್ತಾ?"

"ನಾನೂ ಅದೇ ಹೇಳ್ದೆ. ನಮ್ಮಪ್ಪ ನಾಲ್ಕು ವರ್ಷ ಕಲ್ತಿದಾರೆ, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂತ ಎಲ್ಲರ ಮುಂದೆ ಕೇಳ್ದೆ." ನನ್ನ ಅಂಗಿಯ ತುದಿ ಹಿಡಿದಳು. "ಅಪ್ಪಾ, ನೀನು ಹೇಳಿದ್ದೇ ಸರಿ ತಾನೇ? ಇಲ್ಲದಿದ್ರೆ ನಾನು ಎಲ್ಲರ ಮುಂದೆ ಸುಳ್ಳಿ ಆಗ್ತೀನಿ."

ಈಗ ನೋಡಿ, ನನ್ನ ಸುಳ್ಳಲ್ಲದ ಸುಳ್ಳಿಗೆ ಮಗಳ ಮರ್ಯಾದೆ ಗಂಟು ಬಿದ್ದಿತ್ತು. ಆದರೆ ಆ ಮೂರನೆಯ ಸಾಲಿನ ಬಗ್ಗೆ ಮಾತ್ರ ನನಗೆ ಸಂಶಯವೇ ಇರಲಿಲ್ಲ. ನಲವತ್ತು ವರ್ಷ ಹಿಂದೆ ಅದೇ ಸಾಲಿಗೆ ಎಷ್ಟು ಸಲ ಗಾಳಿ ನಿಲ್ಲಿಸಿದ್ದೇನೆ! ಎದೆ ತಟ್ಟಿಕೊಂಡು ಹೇಳಿದೆ: "ಬೇಕಾದ್ರೆ ಅತ್ತೇನ ಕರೆಸ್ತೀನಿ. ಒಂದೇ ಗುರು, ಒಂದೇ ಪಾಠ. ಅವಳು ಹೇಳಿದ್ದೇ ಕೊನೇ ತೀರ್ಪು."

ಸಾಕ್ಷಿಯನ್ನು ನಾನೇ ಕರೆಸಿದೆ ಎಂಬುದನ್ನು ದಯವಿಟ್ಟು ಗಮನಿಸಿ. ಕಾಲು ಜಾರಿ ಹಳ್ಳಕ್ಕೆ ಬಿದ್ದವರನ್ನು ಕಂಡಿದ್ದೀರಿ. ಏಣಿ ಹಾಕಿಕೊಂಡು ಇಳಿದವನು ನಾನು.

ಭಾನುವಾರ ಅಕ್ಕ ಬಂದಳು. ಮಂಡಿನೋವು, ಕೈಯಲ್ಲೊಂದು ಕೋಲು, ಬಾಯಿ ಮಾತ್ರ ಮೊದಲಿನ ಹಾಗೇ. ಪೆಟ್ಟಿಗೆ ಮಿನುಗುವುದನ್ನು ಕಂಡು, "ನನ್ನ ಮನೇಲಿ ಇದರ ಮೇಲೆ ಇಸ್ತ್ರಿ ಬಟ್ಟೆ ಇಡ್ತಿದ್ದೆ ಕಣೇ," ಎಂದು ನನ್ನ ಹೆಂಡತಿಗೆ ಹೇಳುತ್ತಾ ಕುರ್ಚಿಯಲ್ಲಿ ಕೂತಳು. ವಕೀಲಮ್ಮ ಸ್ಟೂಲ್ ಹತ್ತಿದಳು. ನಾನೂ ಬಾಲಂಗೋಚಿಯೂ ಅಡಿಗೆ ಹೋದೆವು. ಮೊದಲ ಸಾಲು, ಎರಡನೆಯ ಸಾಲು. ಮೂರನೆಯದು ಬಂತು; ಸ್ವರ ದಡದ ಹತ್ತಿರ ಹೋಗಿ ಕೆಳಗಿಳಿಯಿತು.

ಅಕ್ಕನ ಕಡೆಯಿಂದ ಒಂದು ವಿಚಿತ್ರ ಸದ್ದು. ಬಗ್ಗಿ ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಭಾವುಕಳಾದಳು ಪಾಪ ಎಂದುಕೊಂಡೆ. ಅವಳು ನಗುತ್ತಿದ್ದಳು.

"ಅಯ್ಯೋ ನಿನ್ನ! ನಲವತ್ತು ವರ್ಷ ಆದ್ಮೇಲೂ ಅದೇ ತಪ್ಪಾ?"

"ಯಾವ ತಪ್ಪು?" ಎಂದೆ ಪಾತಾಳದಿಂದ.

"ಅದು ಮೇಲಕ್ಕೇ ಹೋಗ್ಬೇಕು ಕಣೋ! ಮೇಷ್ಟ್ರು ದಿನಾ ಅಲ್ಲಿಗೆ ಬಂದ್ರೆ 'ಉಹೂಂ, ಉಹೂಂ' ಅಂತಿದ್ದದ್ದು ಯಾತಕ್ಕೆ ಅಂದ್ಕೊಂಡೆ? ನಾನು ಸರಿಯಾಗಿ ನುಡಿಸಿದ್ರೆ ನೀನು ಗಾಳಿ ನಿಲ್ಲಿಸ್ತಿದ್ದೆ. ತಪ್ಪು ನುಡಿಸಿದ್ರೆ ಧಾರಾಳವಾಗಿ ಹಾಕ್ತಿದ್ದೆ. ಎಷ್ಟು ಒದ್ದರೂ ನೀನು ಬಗ್ಗಲಿಲ್ಲ. ಗಾಳಿ ಇಲ್ದೆ ಸರಿಯಾಗಿ ನುಡಿಸೋದಕ್ಕಿಂತ ಗಾಳಿ ಇದ್ದು ತಪ್ಪಾಗಿ ನುಡಿಸೋದೇ ವಾಸಿ ಅಂತ ಕೊನೆಗೆ ನಾನೇ ಸೋತೆ. ಇವತ್ತಿಗೂ ನನ್ನ ಬೆರಳು ಅಲ್ಲಿ ಇಳಿದೇ ಹೋಗುತ್ತೆ."

ಹೆಂಡತಿಯ ದನಿ ನಿಧಾನವಾಗಿ ಬಂತು. "ಅತ್ತಿಗೆ, ಗಾಳಿ ಅಂದ್ರೆ? ಇವರು ನುಡಿಸ್ತಿರಲಿಲ್ವಾ?"

"ನುಡಿಸೋದಾ? ಇವನಾ?" ಅಕ್ಕ ಎರಡನೆಯ ಕಂತಿನ ನಗೆ ನಕ್ಕಳು. "ಒಂದು ವಾರ ಸ್ಟೂಲಿನ ಮೇಲೆ ಕೂರಿಸಿದ್ರು. ಆಮೇಲೆ ಮೇಷ್ಟ್ರು ಬಾಯಲ್ಲಿದ್ದ ಗುಂಡುಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ರು. ನಾನು ಕಂಡ ಹಾಗೆ ಅವರು ಸೂಜಿ ತೆಗೆದು ಮಾತಾಡಿದ್ದು ಅದೊಂದೇ ಸಲ. 'ತಾಯೀ, ಹುಡುಗಿ ಇರಲಿ. ಹುಡುಗನ್ನ ಕೆಳಗೆ ಕೂರಿಸೋಣ,' ಅಂದ್ರು ನಮ್ಮಮ್ಮನಿಗೆ."

ನನ್ನ ತೋಳಿನ ಬಲಕ್ಕೆ ಮೆಚ್ಚಿ ನನ್ನನ್ನು ಆ ಹುದ್ದೆಗೆ ಆರಿಸಿದರೆಂದು ನಾನು ಈ ಗಳಿಗೆಯವರೆಗೆ ನಂಬಿದ್ದೆ.

ನಡುಮನೆಯಲ್ಲಿ ಮೌನ. (ಮೌನದ ಮಹತ್ವ ನನಗೆ ಆಗ ನಿಜವಾಗಿ ತಿಳಿಯಿತು.) ಹೊರಗೆ ಬರುವ ಧೈರ್ಯವಾಗದೆ ಅಲ್ಲೇ ಕೂತಿದ್ದೆ. ಪೆಟ್ಟಿಗೆಯ ಅಂಚಿನಲ್ಲಿ ಹೆಂಡತಿಯ ಮುಖ ತಲೆಕೆಳಗಾಗಿ ಮೂಡಿತು.

"ಈಗ ಗೊತ್ತಾಯ್ತು ಬಿಡಿ," ಎಂದಳು. "ನಾನು ಸರಿಯಾಗಿರೋ ಮಾತಾಡಿದಾಗೆಲ್ಲ ನಿಮ್ಮ ಉಸಿರು ಯಾಕೆ ನಿಂತುಹೋಗುತ್ತೆ ಅಂತ ಹನ್ನೊಂದು ವರ್ಷದಿಂದ ಯೋಚನೆ ಮಾಡ್ತಿದ್ದೆ. ಚಿಕ್ಕಂದಿನ ಅಭ್ಯಾಸ!"

ಬಾಲಂಗೋಚಿ ನನ್ನ ಕಿವಿಯಲ್ಲಿ, "ಅಪ್ಪಾ, ನಾವಿಬ್ರೂ ಫೇಲಾ?" ಎಂದು ಕೇಳಿದ.

ನಗದೆ ಇದ್ದದ್ದು ವಕೀಲಮ್ಮ ಒಬ್ಬಳೇ. ಸ್ಟೂಲಿನಿಂದಿಳಿದು ನನ್ನೆದುರು ಕುಕ್ಕರುಗಾಲಲ್ಲಿ ಕೂತಳು. "ಅಪ್ಪಾ, ನಿಂಗೆ ಯಾಕೆ ಅದೇ ಸರಿ ಅನ್ನಿಸ್ತು?" ಎಂದಳು. ಅವಳ ಪ್ರಶ್ನೆಯಲ್ಲಿ ವಾದವಿರಲಿಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಿತ್ತು.

ಉತ್ತರ ಬಂದದ್ದು ಅಕ್ಕನಿಂದ. ಅವಳ ನಗು ನಿಂತಿತ್ತು.

"ಅಮ್ಮ ಹಾಗೆ ಹಾಡ್ತಿದ್ಲು ಕಣೇ ಮಗು," ಎಂದಳು. "ನಿಮ್ಮಜ್ಜಿ. ದೊಡ್ಡ ದೊಡ್ಡ ಹೊದಿಕೆ ಒಗೆದು ಒಬ್ಬಳೇ ಹಿಂಡುತ್ತಿದ್ಲು. ಸರಿಯಾಗಿ 'ದಡ' ಅನ್ನೋ ಹೊತ್ತಿಗೆ ಹೊದಿಕೆ ತಿರುಚಬೇಕಾಗ್ತಿತ್ತು. ಎದೇಲಿ ಉಸಿರು ಉಳೀತಿರಲಿಲ್ಲ. ಮೇಲಿನ ಸ್ವರ ಎಟುಕದೆ ಕೆಳಗೇ ಇಳಿಸಿಬಿಡ್ತಿದ್ಲು. ಇವನು ಹೊಸ್ತಿಲ ಮೇಲೆ ಕೂತು ದಿನಾ ಅದನ್ನೇ ಕೇಳ್ತಿದ್ದ."

ನನಗೆ ಹಿತ್ತಿಲ ಕಲ್ಲು ಕಾಣಿಸಿತು. ಅಮ್ಮನ ಮೊಣಕೈಯಿಂದ ತೊಟ್ಟಿಕ್ಕುವ ಸಾಬೂನು ನೀರು ಕಾಣಿಸಿತು. ಹಾಡು ಅಲ್ಲಿ ಇಳಿಯುವಾಗ ಅವಳು ಬಿಡುತ್ತಿದ್ದ ಉಸಿರು ಕೂಡ ಕೇಳಿಸಿತು. ಅದು ಹಾಡಿನ ಭಾಗವೇ ಎಂದು ನಾನು ತಿಳಿದಿದ್ದೆ. ನಮ್ಮ ಮನೆಯ ದೋಣಿ ನಲವತ್ತು ವರ್ಷದಿಂದ ದಡ ಮುಟ್ಟದೆ ಇದ್ದದ್ದಕ್ಕೆ ಕಾರಣ ಇಷ್ಟೇ.

ಹೆಂಡತಿ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದಳು. ನನ್ನ ಲೋಟವನ್ನು ಬಗ್ಗಿ ಪೆಟ್ಟಿಗೆಯ ಕೆಳಗೇ ಇಟ್ಟಳು. (ಕ್ಷಮೆಯೋ ಶಿಕ್ಷೆಯೋ ಇವತ್ತಿಗೂ ತಿಳಿದಿಲ್ಲ.)

ಆಮೇಲೆ ಸಂಧಾನವಾಯಿತು. ಶಾಲೆಯಲ್ಲಿ ಪುಸ್ತಕದ ಪ್ರಕಾರವೇ ನುಡಿಸುವುದು. ವಕೀಲಮ್ಮ ಟೀಚರಿಗೆ ಕ್ಷಮೆ ಕೇಳುವುದು. ನಾನು ಮೇಲಿನ ಸ್ವರಕ್ಕೂ ಗಾಳಿ ಹಾಕುವುದು. ಹೇಳಿದಷ್ಟು ಸುಲಭವಲ್ಲ ಸ್ವಾಮಿ! ನಲವತ್ತು ವರ್ಷದ ಕೈ. ಅವಳು ಮೇಲಕ್ಕೆ ಹೋದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಒಂದು ವಾರ ಪ್ರತಿ ಸಂಜೆ ನನಗೇ ಪಾಠ. ಹೆಂಡತಿ ಸೌಟು ಹಿಡಿದು ಪಕ್ಕದಲ್ಲಿ ನಿಂತು, "ಹಾಕಿ, ಹಾಕಿ, ನಿಲ್ಲಿಸ್ಬೇಡಿ!" ಎಂದು ಹುರಿದುಂಬಿಸಿದಳು. ಶನಿವಾರದ ಹೊತ್ತಿಗೆ ನನ್ನ ಕೈ ತಿದ್ದಿಕೊಂಡಿತ್ತು. ಮೇಲಿನ ಸ್ವರ ಬಂದರೆ ಗಾಳಿ, ಕೆಳಗಿನದು ಬಂದರೆ ಬಂದ್. ಇಷ್ಟು ವಿಧೇಯ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ವಾರ್ಷಿಕೋತ್ಸವದ ದಿನ. ಶಾಲೆಯಲ್ಲಿದ್ದದ್ದೂ ಕಾಲು ಹಾರ್ಮೋನಿಯಮ್ಮೇ, ತಿದಿ ನಮ್ಮದಕ್ಕಿಂತ ಮುದಿ. ಮುಂದೆ ಒಂದು ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಮುಂದಿನ ಸಾಲಿನಲ್ಲಿ ಅಕ್ಕ, ನನ್ನ ಹೆಂಡತಿ, ಬಾಲಂಗೋಚಿ. ಮುಖ್ಯೋಪಾಧ್ಯಾಯಿನಿ ಧ್ವನಿವರ್ಧಕದಲ್ಲಿ, "ನಾಲ್ಕು ವರ್ಷ ಸಂಗೀತಾಭ್ಯಾಸ ಮಾಡಿದ ತಮ್ಮ ತಂದೆಯವರಿಂದಲೇ ಕಲಿತ..." ಎಂದು ಪರಿಚಯಿಸಿದರು. ತಂದೆಯವರ ಎರಡು ಅಂಗಾಲುಗಳು ಬಿಳಿ ಬಟ್ಟೆಯ ಕೆಳಗಿನಿಂದ ಸಭಿಕರಿಗೆ ದರ್ಶನ ಕೊಡುತ್ತಿದ್ದವು.

ಮೊದಲ ಸಾಲು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ನಾನು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು, ಮೇಲಿನ ಸ್ವರಕ್ಕಾಗಿ ಗಾಳಿ ತುಂಬಿಸಿಕೊಂಡು ಕಾದೆ. ದೋಣಿ... ದಡಕ್ಕೆ...

ವಕೀಲಮ್ಮ ಇಳಿಸಿದಳು. ನಿಧಾನವಾಗಿ, ಒದ್ದೆ ಹೊದಿಕೆ ತಿರುಚಿ ಸುಸ್ತಾದವಳ ಹಾಗೆ, ಬೇಕೆಂದೇ ಇಳಿಸಿದಳು.

ಮತ್ತು ನನ್ನ ಕೈ, ಸೌಟಿನ ಕಾವಲಿನಲ್ಲಿ ಒಂದು ವಾರ ತಿದ್ದಿಸಿಕೊಂಡ ಆ ವಿಧೇಯ ಕೈ, ನಿಂತುಬಿಟ್ಟಿತು.

ಹಾರ್ಮೋನಿಯಂ ಒಂದು ಸಲ ನರಳಿ ಸತ್ತಿತು. ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನಿಂದ ಅಕ್ಕನ ನಗು ಕೇಳಿಸಿತು, ಅದರ ಹಿಂದೆಯೇ ನನ್ನ ಹೆಂಡತಿಯದು. ಅಷ್ಟರಲ್ಲಿ ಮೇಲಿನಿಂದ ಒಂದು ಪುಟ್ಟ ಹಿಮ್ಮಡಿ ಇಳಿದು ಬಂದು, ನಲವತ್ತು ವರ್ಷದಿಂದ ಖಾಲಿ ಬಿದ್ದಿದ್ದ ಆ ಜಾಗಕ್ಕೇ ಸರಿಯಾಗಿ ಠಪ್ಪೆಂದು ತಾಗಿತು.

"ಅಪ್ಪಾ, ಗಾಳಿ! ಇದು ಅಜ್ಜೀದು!"

ನೆತ್ತಿ ಸವರಿಕೊಳ್ಳೋಣವೆಂದರೆ ಎರಡೂ ಕೈಗೆ ಕೆಲಸವಿತ್ತು.